ಹಿಂದಕ್ಕೆ ಎಸೆದು ಮುಂದಕ್ಕೆ ಓಡುವ ಆಟ

ರಗ್ಬಿ ಚೆಂಡನ್ನು ಮೊದಲ ಸಲ ಕೈಗೆತ್ತಿಕೊಂಡಾಗ ನನಗೆ ನಲವತ್ತನಾಲ್ಕು ವರ್ಷ. ದೈಹಿಕ ಶಿಕ್ಷಕಿಯಾಗಿ ಅರ್ಧಕ್ಕಿಂತ ಹೆಚ್ಚು ಸರ್ವಿಸ್ ಆಗಲೇ ಮುಗಿದಿತ್ತು. ಆ ಆಟ ನನ್ನ ಜೊತೆಗಿದ್ದದ್ದು ಕೆಲವೇ ವರ್ಷ. ಕಬಡ್ಡಿ, ಖೋ-ಖೋ, ಥ್ರೋಬಾಲ್‌ಗಳ ಜೊತೆ ಕಳೆದ ಕಾಲ ಅದಕ್ಕಿಂತ ಎಷ್ಟೋ ದೊಡ್ಡದು. ಆದರೂ ನಿವೃತ್ತಿಯಾದ ಮೇಲೆ ಸಂಜೆಯಾದರೆ ಸಾಕು, ಕಾಲಿಗೆ ಏನೋ ತಹತಹ ಶುರುವಾಗುತ್ತದೆ. ಆಗ ಕಣ್ಣಮುಂದೆ ಬರುವುದು ಬೇಗೂರು ಕಡೆಯ ಆ ಮೈದಾನ, ಮೊಟ್ಟೆಯಾಕಾರದ ಆ ಚೆಂಡು, ಅದರ ಹಿಂದೆ ಬಿದ್ದ ಹುಡುಗಿಯರು.

ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಆಗಾಗ ಗುಂಡ್ಲುಪೇಟೆಯ ನಮ್ಮ ಮನೆಗೆ ಬರುತ್ತಾರೆ. "ಮೇಡಂ, ನಿಮ್ಮ ಅನುಭವ ಹೇಳಿ" ಅನ್ನುತ್ತಾರೆ. ಪದವಿ ಕೊಡುವ ಕಾಲೇಜಿನಲ್ಲಿ ಹೇಳಿಕೊಡದೆ ಉಳಿಸಿದ್ದನ್ನು ನಾನು ಮೊದಲು ಹೇಳಿಬಿಡುತ್ತೇನೆ. ಶಾಲೆಯಲ್ಲಿ ನಿಮ್ಮ ಪೀರಿಯಡ್ ನಿಮ್ಮದಲ್ಲ. ಪಾಠ ಮುಗಿಯದ ಗಣಿತದ ಮೇಷ್ಟ್ರದ್ದು. ಬೆಳಿಗ್ಗೆ ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಮಧ್ಯಾಹ್ನ ಊಟದ ತಟ್ಟೆಗೆ ಸಾಲು ನಿಲ್ಲಿಸುವುದು, ಆಗಸ್ಟ್ ಬಂದರೆ ಬ್ಯಾಂಡ್ ಹುಡುಗರ ಕೈಯಲ್ಲಿ ಡ್ರಮ್ ಹೊಡೆಸುವುದು ನಿಮ್ಮ ಪಾಲಿಗೆ. ಮೈದಾನದ ಕಲ್ಲು ಆಯುವವರೂ ನೀವೇ, ಸುಣ್ಣದ ಗೆರೆ ಎಳೆಯುವವರೂ ನೀವೇ. ಇಷ್ಟೆಲ್ಲ ಮಾಡಿ ಉಳಿದ ಹೊತ್ತಿನಲ್ಲಿ ಆಟ ಕಲಿಸಬೇಕು. ಆ ಉಳಿದ ಹೊತ್ತಿಗಾಗಿಯೇ ಮೂವತ್ತು ಚಿಲ್ಲರೆ ವರ್ಷ ನಾನು ದುಡಿದದ್ದು.

ನಾನು ಚಾಮರಾಜನಗರದವಳು. ಅಪ್ಪ ರೇಷ್ಮೆ ನೂಲು ಬಿಚ್ಚುವ ಕಡೆ ಕೆಲಸಕ್ಕಿದ್ದರು. ಕಾಲೇಜಿನಲ್ಲಿ ಕಬಡ್ಡಿ ಆಡುತ್ತಿದ್ದೆ, ಚೆನ್ನಾಗಿಯೇ ಆಡುತ್ತಿದ್ದೆ. ವಿಶ್ವವಿದ್ಯಾಲಯದ ತಂಡ ಆರಿಸುವಾಗ ಒಬ್ಬ ಹಿರಿಯರು ನನ್ನನ್ನು ಒಮ್ಮೆ ಮೇಲಿಂದ ಕೆಳಕ್ಕೆ ನೋಡಿ, "ಈ ಹುಡುಗಿಗೆ ಓಟ ಇಲ್ಲ" ಅಂದು ಮುಂದಿನವಳ ಕಡೆ ತಿರುಗಿದರು. ಮನೆಗೆ ಬಂದು ಅತ್ತೆ. ಆಮೇಲೆ ಅತ್ತದ್ದು ಮರೆತುಹೋಯಿತು, ಮಾತು ಮಾತ್ರ ಉಳಿಯಿತು. ಅದು ಅವರ ಅಭಿಪ್ರಾಯ ಎಂಬುದೇ ಮರೆತುಹೋಗಿ, ನನಗೆ ನಾನೇ ಕಂಡುಕೊಂಡ ಸತ್ಯದಂತೆ ಒಳಗೆ ಕೂತುಬಿಟ್ಟಿತು. ನನ್ನ ಕೈಕೆಳಗೆ ಬಂದ ಮಕ್ಕಳನ್ನು ನಾನೂ ಬಹಳ ವರ್ಷ ಹಾಗೆಯೇ ಕಣ್ಣಳತೆಯಲ್ಲಿ ಆರಿಸುತ್ತಿದ್ದೆ. ಆಗ ಎಲ್ಲರ ಪದ್ಧತಿಯೂ ಅದೇ ಆಗಿತ್ತು.

ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿದ್ದಾಗ ಜಿಲ್ಲೆಯ ದೈಹಿಕ ಶಿಕ್ಷಕರಿಗೆಲ್ಲ ಚಾಮರಾಜನಗರದಲ್ಲಿ ಒಂದು ತರಬೇತಿ ಶಿಬಿರ ನಡೆಯಿತು. ಏನೋ ಹೊಸ ಆಟ ಅಂದಿದ್ದರು. ಹೆಚ್ಚಿನವರು ಬಂದದ್ದು ಶಾಲೆಯಿಂದ ಬಿಡುವು ಸಿಗುತ್ತದೆ ಎಂದು. ಹೇಳಿಕೊಡಲು ಬಂದಿದ್ದವರು ಪೊನ್ನಪ್ಪ. ಸೈನ್ಯದಲ್ಲಿದ್ದಾಗ ರಗ್ಬಿ ಆಡಿದ್ದ, ಹವಾಲ್ದಾರರಾಗಿ ನಿವೃತ್ತರಾದ ಮನುಷ್ಯ. ಬಲಕಿವಿ ಪೆಟ್ಟು ತಿಂದು ತಿಂದು ಮುದುಡಿಹೋಗಿತ್ತು.

ಚೆಂಡನ್ನು ನೆಲಕ್ಕೆ ಹಾಕಿ ತೋರಿಸಿದರು. ಒಮ್ಮೆ ಎಡಕ್ಕೆ ನೆಗೆಯಿತು, ಒಮ್ಮೆ ನಮ್ಮ ಮುಖಕ್ಕೇ ಬಂತು. "ಇದಕ್ಕೆ ಬುದ್ಧಿ ಇಲ್ಲ. ಅದಕ್ಕೆ ನಿಮಗೆ ಇರಬೇಕು" ಅಂದರು. ಆಟದ ಕ್ರಮ ಹೇಳಿದಾಗ ಎಲ್ಲರೂ ನಕ್ಕರು. ಚೆಂಡು ಹಿಡಿದು ಮುಂದಕ್ಕೆ ಓಡಬೇಕು, ಆದರೆ ಜೊತೆಯವರಿಗೆ ಕೈಯಿಂದ ಕೊಡುವುದಾದರೆ ಮುಂದಕ್ಕೆ ಎಸೆಯುವಂತಿಲ್ಲ, ಪಕ್ಕಕ್ಕೋ ಹಿಂದಕ್ಕೋ ಎಸೆಯಬೇಕು. ಎದುರಾಳಿ ಕಡೆಯ ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು 'ಟ್ರೈ'. ಓಡುವವರನ್ನು ತಡೆಯಬೇಕಾದರೆ ತೊಡೆ, ಮಂಡಿ ಅಪ್ಪಿ ಕೆಡವಬೇಕು, ಅದು ಟ್ಯಾಕಲ್.

ಅಪ್ಪಿ ಕೆಡವುವುದು ಎಂದ ಕೂಡಲೇ ನನ್ನ ಮೈ ಎಚ್ಚರಾಯಿತು. ಕಬಡ್ಡಿಯಲ್ಲಿ ನನಗೆ ಬರುತ್ತಿದ್ದದ್ದೇ ಅದು. ಮೊದಲ ದಿನವೇ ನನ್ನ ಎದುರಿಗೆ ಓಡಿಬಂದ ಯಳಂದೂರು ಕಡೆಯ ಮೇಷ್ಟ್ರೊಬ್ಬರನ್ನು ಮರಳಿನ ಮೇಲೆ ಮಲಗಿಸಿಬಿಟ್ಟೆ. ಅವರು ಎದ್ದು ಪ್ಯಾಂಟು ಕೊಡವಿಕೊಳ್ಳುತ್ತಾ, "ಅಕ್ಕಾವ್ರೇ, ಮನೇಲಿ ಯಜಮಾನ್ರು ಉಷಾರಾಗಿದ್ದಾರಾ?" ಅಂದರು. ಶಿಬಿರವೆಲ್ಲ ನಕ್ಕಿತು. ನನಗೂ ನಗು ಬಂತು. ಆದರೂ ಅಂದುಕೊಂಡೆ, ಇಪ್ಪತ್ತನೆಯ ವಯಸ್ಸಿನಲ್ಲಿ ಈ ಆಟ ನಮ್ಮೂರಿಗೆ ಯಾಕೆ ಬರಲಿಲ್ಲ?

ಕೊನೆಯ ದಿನ ಪೊನ್ನಪ್ಪ ನಮ್ಮನ್ನು ವೃತ್ತಾಕಾರವಾಗಿ ಕೂರಿಸಿ, ಒಬ್ಬೊಬ್ಬರೂ ಎದ್ದು ಆಟಗಾರರಾಗಿ ತಮ್ಮನ್ನು ತಾವೇ ಅಳೆದು ಹೇಳಬೇಕು ಅಂದರು. ಹಿಡಿತ, ಎಸೆತ, ಓಟ, ಉಸಿರು, ಟ್ಯಾಕಲ್, ತಲೆ. ತಲೆ ಎಂದರೆ ಯಾವಾಗ ಏನು ಮಾಡಬೇಕು ಎಂಬ ತೀರ್ಮಾನ. ನನ್ನ ಸರದಿ ಬಂದಾಗ, "ಎಲ್ಲಾ ಸುಮಾರು ಸಾರ್" ಅಂದೆ.

"ಸುಮಾರು ಅನ್ನೋ ಮಾತು ಬೇಡ ಮೇಡಂ. ಇದು ಬರುತ್ತೆ, ಇದು ಬರಲ್ಲ. ಅಷ್ಟೇ ಹೇಳಿ."

ಹಾಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಆರಿಸುವವರು, ಇನ್‌ಸ್ಪೆಕ್ಷನ್‌ಗೆ ಬರುವವರು, ಮದುವೆಗೆ ಮುಂಚೆ ನೋಡಲು ಬಂದವರು ಎಲ್ಲರೂ ನನ್ನನ್ನು ಅಳೆದವರೇ. ನಿಂತು ಯೋಚಿಸಿ ಹೇಳಿದೆ. "ಟ್ಯಾಕಲ್ ಬರುತ್ತೆ ಸಾರ್. ಹಿಡಿತ ಬರುತ್ತೆ. ಬಲಗಡೆಗೆ ಎಸೆಯೋದು ಬರುತ್ತೆ, ಎಡಗಡೆಗೆ ಅಷ್ಟು ಬರಲ್ಲ. ಉಸಿರು ಬೇಗ ಕಟ್ಟುತ್ತೆ. ಓಟ ಇಲ್ಲ."

ಪೊನ್ನಪ್ಪ ತಲೆಯಾಡಿಸಿದರು. "ತಲೆ?"

"ಅದು ಆಡಿದ ಮೇಲೇ ಗೊತ್ತಾಗಬೇಕು ಸಾರ್. ನಾನು ಒಂದು ಮ್ಯಾಚೂ ಆಡಿಲ್ಲವಲ್ಲ."

ಬೇಗೂರಿನ ಹತ್ತಿರದ ನಮ್ಮ ಸರ್ಕಾರಿ ಪ್ರೌಢಶಾಲೆಗೆ ಎರಡು ಚೆಂಡು ಹಿಡಿದು ವಾಪಸಾದೆ. ಮುಖ್ಯೋಪಾಧ್ಯಾಯರಾದ ನಂಜುಂಡಸ್ವಾಮಿಗಳು ಒಳ್ಳೆಯ ಮನುಷ್ಯ, ಆದರೆ ಹೆದರಿಕೆಯ ಮನುಷ್ಯ. ಚೆಂಡನ್ನು ಮೇಜಿನ ಮೇಲೆ ಉರುಳಿಸಿ ನೋಡಿದರು.

"ಕಬಡ್ಡಿ ಸಾಕಾಗ್ಲಿಲ್ವೇನಮ್ಮಾ? ಹೆಣ್ಣುಮಕ್ಳ ಕೈಕಾಲು ಮುರಿದ್ರೆ ಅವರಪ್ಪಂದಿರಿಗೆ ನಾನೇನು ಹೇಳ್ಲಿ?"

"ಕಬಡ್ಡೀಲೂ ಬೀಳ್ತಾರಲ್ಲ ಸಾರ್. ಮೊದಲು ಬೀಳೋದನ್ನೇ ಕಲಿಸ್ತೀನಿ, ಆಮೇಲೆ ಆಟ."

ಹಾಗೆಯೇ ಮಾಡಿದೆ. ಶಾಲೆಯ ಹಿಂದೆ ಈರುಳ್ಳಿ ಕಿತ್ತು ಬಿಟ್ಟಿದ್ದ ಹೊಲವಿತ್ತು. ಮಣ್ಣು ಮೆತ್ತಗೆ. ಹೊಲದ ಯಜಮಾನ, ಮುಂದಿನ ಬೆಳೆ ಇಡುವವರೆಗೆ ಉರುಳಾಡಿಕೊಳ್ಳಿ ಅಂದ. ಹುಡುಗಿಯರು ಹದಿನೈದು ದಿನ ಬರೀ ಬಿದ್ದರು. ಯೂನಿಫಾರಂ ಕೆಂಪಾಗಿ, ಮೈಯೆಲ್ಲ ಈರುಳ್ಳಿ ವಾಸನೆ ಹೊಡೆದು, ಮನೆಮನೆಯಿಂದ ದೂರು ಬಂತು.

ನನ್ನಿಂದಲೂ ಎಡವಟ್ಟುಗಳಾದವು. ಚೆಂಡನ್ನು ಹಿಂದಕ್ಕೇ ಎಸೆಯಬೇಕು ಎಂದು ಒತ್ತಿ ಒತ್ತಿ ಹೇಳಿದ್ದರಿಂದ ಮೊದಲ ವಾರ ಎಲ್ಲರೂ ಹಿಂದಕ್ಕೇ ಓಡಿ, ಎರಡು ತಂಡವೂ ತಮ್ಮ ತಮ್ಮ ಗೆರೆಯ ಬಳಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದವು. ಜಾಲಿಮುಳ್ಳು ಚುಚ್ಚಿ ಚೆಂಡು ಪಂಚರ್ ಆದಾಗ ಸೈಕಲ್ ಅಂಗಡಿಯವನ ಹತ್ತಿರ ತೇಪೆ ಹಾಕಿಸಿ, ಒಂದು ಕಡೆ ಉಬ್ಬಿದ ಚೆಂಡಿನಲ್ಲಿ ತಿಂಗಳುಗಟ್ಟಲೆ ಆಡಿಸಿದೆ. ಕೊನೆಗೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ನನ್ನ ಯಜಮಾನರೇ ಅದನ್ನು ತೆಗೆದುಕೊಂಡು ಹೋಗಿ ರಿಪೇರಿ ಮಾಡಿಕೊಂಡು ಬಂದರು. "ಲಾರಿ ಟೈರೇ ವಾಸಿ ಕಣೇ" ಅಂದರು.

ದೊಡ್ಡ ಎಡವಟ್ಟೆಂದರೆ ಬಳೆಯದು. ಮೊದಲ ಸಲ ಹೊರಗಿನ ತಂಡದ ಜೊತೆ ಆಡಲು ಕರೆದುಕೊಂಡು ಹೋದಾಗ ರೆಫರಿ ಆಟ ಶುರುವಾಗುವ ಮುಂಚೆಯೇ ನಿಲ್ಲಿಸಿದ. ನಮ್ಮ ಹುಡುಗಿಯರ ಕೈತುಂಬ ಗಾಜಿನ ಬಳೆ. ಕಬಡ್ಡಿಯಲ್ಲಿ ಬಟ್ಟೆ ಸುತ್ತಿಕೊಂಡು ಆಡಿದ ಅಭ್ಯಾಸದಿಂದ ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಬರಿಗೈ ಮಾಡಬಾರದು ಎಂದು ಮನೆಯಲ್ಲಿ ಹೇಳಿ ಕಳಿಸಿದ್ದಾರೆ ಅಂತ ಅರ್ಧ ಜನ ಅಳಲು ಶುರುಮಾಡಿದರು. ಕೊನೆಗೆ ಒಬ್ಬಳ ರಿಬ್ಬನ್ ಬಿಚ್ಚಿ, ಎಲ್ಲರ ಬಳೆಯನ್ನೂ ಅದಕ್ಕೆ ಪೋಣಿಸಿ, ಬೇವಿನ ಕೊಂಬೆಗೆ ಕಟ್ಟಿದೆ. ಆ ದಿನ ಸೋತೆವು. ಗಾಳಿ ಬೀಸಿದಾಗಲೆಲ್ಲ ಆ ಬಳೆಗಳ ಸದ್ದಾಗುತ್ತಿತ್ತು.

ಸಂಜೆಯ ಪ್ರಾಕ್ಟೀಸ್ ನಡೆಯುತ್ತಿದ್ದದ್ದು ಹೆದ್ದಾರಿಗೆ ಕಾಣುವಂತೆ. ಬಂಡೀಪುರದಲ್ಲಿ ರಾತ್ರಿ ಗಾಡಿ ಬಿಡುವುದನ್ನು ನಿಲ್ಲಿಸಿದ ಕಾಲ ಅದು. ಗೇಟು ಹಾಕುವ ಮುಂಚೆ ಕಾಡು ದಾಟಬೇಕೆಂದು ಕೇರಳದ ಲಾರಿಗಳು ಸಂಜೆ ಹೊತ್ತು ಬಿರುಸಾಗಿ ಹೋಗುತ್ತಿದ್ದವು. ಅಷ್ಟು ಅವಸರದಲ್ಲೂ ಕೆಲವು ಡ್ರೈವರುಗಳು ನಿಲ್ಲಿಸಿ, ಬೇಲಿಯಾಚೆಯಿಂದ ನೋಡಿ, ಫುಟ್‌ಬಾಲ್ ಎಂದು ತಿಳಿದು, "ಕಾಲಿನಲ್ಲಿ ಹೊಡಿ ಮೋಳೇ!" ಎಂದು, ಮಗಳೇ ಎನ್ನುವುದನ್ನು ತಮ್ಮ ಮಲಯಾಳದಲ್ಲೇ ಸೇರಿಸಿ, ಕೂಗಿ ಹೋಗುತ್ತಿದ್ದರು.

ಪೊನ್ನಪ್ಪ ನಮ್ಮನ್ನು ಕೇಳಿದ್ದನ್ನು ನಾನು ಹುಡುಗಿಯರನ್ನೂ ಕೇಳಿದೆ. ತಂಡ ಆರಿಸುವ ಮುಂಚೆ ಒಬ್ಬೊಬ್ಬಳೂ ಎದ್ದು ತನಗೆ ಏನು ಬರುತ್ತದೆ, ಏನು ಬರುವುದಿಲ್ಲ ಹೇಳಬೇಕು. ಕಣ್ಣಳತೆ ಬಿಟ್ಟದ್ದು ಅಲ್ಲಿಂದ. ಮೊದಲ ಸಲ ಎಲ್ಲರೂ ತಲೆ ತಗ್ಗಿಸಿ ಒಂದೇ ಮಾತು ಹೇಳಿದರು: "ನಂಗೇನೂ ಬರಲ್ಲ ಮಿಸ್." ಅಲ್ಲಿಯೇ ಕಣ್ಣೆದುರು ಗಾಳಿಯಂತೆ ಓಡಿದ್ದ ಸವಿತಳೂ ಅದನ್ನೇ ಹೇಳಿದಳು. ಗೊತ್ತಿಲ್ಲದೆ ಹೇಳಿದ್ದಲ್ಲ. ನನಗೆ ಬರುತ್ತದೆ ಎಂದು ಬಾಯಿಬಿಟ್ಟು ಹೇಳಿದರೆ ಜಂಬ ಎನ್ನುತ್ತಾರೆ ಎಂದು ಮನೆಯಲ್ಲಿ ಕಲಿತುಬಂದಿದ್ದರು. ಆ ಮಾತನ್ನು ಅವರ ಬಾಯಿಂದ ಬಿಡಿಸಲು ಆಟ ಕಲಿಸಿದ್ದಕ್ಕಿಂತ ಹೆಚ್ಚು ಕಷ್ಟಪಟ್ಟೆ.

ಮೊದಲು ಸರಿಯಾಗಿ ಹೇಳಿದವಳು ಮಾದೇವಿ. ಗಟ್ಟಿಮುಟ್ಟಾದ, ಮಾತು ಕಡಿಮೆಯ ಹುಡುಗಿ. ಹೆಜ್ಜೆ ಇಟ್ಟರೆ ನೆಲ ಧಡ್ ಅನ್ನುತ್ತಿತ್ತು. ಅಪ್ಪ ಇರಲಿಲ್ಲ, ಅವ್ವ ಚೆಂಡು ಹೂವಿನ ಹೊಲಗಳಲ್ಲಿ ಕೂಲಿಗೆ ಹೋಗುತ್ತಿದ್ದಳು. ಮಾದೇವಿ ಎದ್ದು ನಿಂತು, ನನ್ನನ್ನು ನೋಡದೆ ಬೇಲಿಯನ್ನು ನೋಡುತ್ತಾ ಹೇಳಿದಳು:

"ಮಿಸ್, ನಂಗೆ ಓಡಕ್ ಬರಲ್ಲ. ಎಸಿಯದೂ ಅಷ್ಟಕ್ಕಷ್ಟೆ. ಆದ್ರೆ ನನ್ ದಾಟ್ಕಂಡ್ ಯಾರೂ ಓಗಲ್ಲ."

ಯಾರೋ ಕಿಸಕ್ಕೆಂದರು. "ಅಂಗಾರೆ ಬಾ, ದಾಟು" ಅಂದಳು ಮಾದೇವಿ, ಸಿಟ್ಟಿಲ್ಲದೆ. ನಕ್ಕವಳು ದಾಟಲು ಹೋಗಿ ಈರುಳ್ಳಿ ಹೊಲದಲ್ಲಿ ಮಲಗಿದಳು. ಅಲ್ಲಿಂದ ಎಲ್ಲರ ಬಾಯಿ ಬಿಟ್ಟಿತು. ಸವಿತ ತಾನು ಓಡುತ್ತೇನೆ ಎಂದು ಹೇಳಿ ಮುಖ ಮುಚ್ಚಿಕೊಂಡಳು.

ಚಾಮರಾಜನಗರದಲ್ಲಿ ನಮಗೆ ಒಂದು ಪಂದ್ಯ ಗೊತ್ತಾಗಿತ್ತು. ಅದಕ್ಕೆ ಒಂದು ತಿಂಗಳಿದೆ ಎನ್ನುವಾಗ ಮಾದೇವಿ ಪ್ರಾಕ್ಟೀಸಿಗೆ ಬರುವುದನ್ನು ನಿಲ್ಲಿಸಿದಳು. ಕ್ಲಾಸಿನಲ್ಲೂ ಇರಲಿಲ್ಲ. ಸವಿತಳನ್ನು ಕೇಳಿದಾಗ, ಯಾರೋ ನೆಂಟರು ಅವಳ ಮಂಡಿಯ ತರಚುಗಾಯ ನೋಡಿ, ಇಂಥ ಹುಡುಗಿಯನ್ನು ನಾಳೆ ಯಾರು ಮಾಡಿಕೊಳ್ಳುತ್ತಾರೆ ಎಂದರಂತೆ. ಅವಳವ್ವ ಇಸ್ಕೂಲೇ ಸಾಕು ಎಂದು ಹೂವು ಬಿಡಿಸಲು ಜೊತೆಗೆ ಕರೆದುಕೊಂಡು ಹೋಗುತ್ತಿದ್ದಾಳಂತೆ.

ಈ ಕೆಲಸಕ್ಕೆ ಸೇರುವವರು ಇದನ್ನೂ ತಿಳಿದಿರಬೇಕು. ಆಟಗಾರರ ಅರ್ಧ ಆಟ ಅವರ ಮನೆ ಬಾಗಿಲಲ್ಲಿ ನಡೆಯುತ್ತದೆ. ಭಾನುವಾರ ಬೆಳಿಗ್ಗೆ ಬಸ್ಸಿಳಿದು ಹೊಲದ ಕಡೆ ನಡೆದೆ. ಕಣ್ಣು ಹೋದಷ್ಟು ದೂರ ಕಿತ್ತಳೆ, ಹಳದಿ. ಮಾದೇವಿಯ ಅವ್ವ ಸಿದ್ದಮ್ಮ ಮಡಿಲು ಕಟ್ಟಿಕೊಂಡು ಹೂವು ಬಿಡಿಸುತ್ತಿದ್ದಳು, ಪಕ್ಕದ ಸಾಲಿನಲ್ಲಿ ಮಗಳು. ನನ್ನನ್ನು ಕಂಡು ಮಾದೇವಿ ತಲೆ ತಗ್ಗಿಸಿದಳು.

"ಬನ್ನಿ ಮಿಸ್ಸೋರೆ" ಅಂದಳು ಸಿದ್ದಮ್ಮ. ಕೈ ನಿಲ್ಲಿಸಲಿಲ್ಲ. "ನೀವು ಯಾಕ್ ಬಂದಿದ್ದೀರಿ ಅಂತ ಗೊತ್ತು. ಅದ್ಯಾವ್ದೋ ಗಂಡುಗ್ಳು ಬಡದಾಡೋ ಆಟ ಅಂತೆ. ನಮ್ ಎಣ್ಮಗೀಗೆ ಬ್ಯಾಡ ಬುಡಿ."

ನಾನು ಹೇಳಬೇಕೆಂದಿದ್ದ ಮಾತೆಲ್ಲ ಹೇಳಿದೆ. ಆಟದಿಂದ ಆರೋಗ್ಯ, ಆಟದಿಂದ ಮುಂದೆ ಸರ್ಕಾರಿ ಕೆಲಸಕ್ಕೂ ಅನುಕೂಲ. ಅವಳಿಗೆ ಯಾವುದೂ ನಾಟಲಿಲ್ಲ. ಕೊನೆಗೆ ಬೇಸರದಿಂದ ಮಗಳ ಕಡೆ ತಿರುಗಿ, "ಅಂತಾದ್ ಏನ್ ಆಡೀಯೇ ನೀನು? ಏಳು ನೋಡನ" ಅಂದಳು.

ಮಾದೇವಿ ಹೂವಿನ ಮಡಿಲು ಬಿಚ್ಚಿ ಕೆಳಗಿಟ್ಟಳು. "ಅವ್ವ, ನಂಗೆ ಓಡಕ್ ಬರಲ್ಲ. ಆದ್ರೆ ನನ್ ದಾಟ್ಕಂಡ್ ಯಾರೂ ಓಗಲ್ಲ."

"ಯಾರೂ?"

"ಯಾರೂ."

ಸಿದ್ದಮ್ಮ ಮಗಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, "ನಿನ್ನ ಎತ್ತೋಳ್ ಕಣೇ ನಾನು" ಎಂದು ಸಾಲಿನ ಮಧ್ಯದ ದಾರಿಯಲ್ಲಿ ನೇರವಾಗಿ ನುಗ್ಗಿದಳು. ಬಲವಾದ ಹೆಂಗಸು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಮಾದೇವಿ ಬಗ್ಗಿ, ಭುಜ ಕೊಟ್ಟು, ಅವ್ವನ ಎರಡೂ ಮಂಡಿಗಳನ್ನು ಅಪ್ಪಿಕೊಂಡು, ತಾನು ಕೆಳಗಾಗುವಂತೆ ತಿರುಗಿ ಬಿದ್ದಳು. ಮೈಗೆ ಪೆಟ್ಟಾಗದ ಹಾಗೆ ಕೆಡವುವ ಆ ರೀತಿಯನ್ನು ನಾನು ಕಲಿಸಿದ್ದೆ. ಆದರೆ ಅಷ್ಟು ಮೃದುವಾಗಿ ಮಾಡಿದ್ದನ್ನು ನಾನು ಅದಕ್ಕೆ ಮುಂಚೆಯೂ ನೋಡಿಲ್ಲ, ಆಮೇಲೂ ನೋಡಿಲ್ಲ. ತಾಯಿ ಮಗಳು ಇಬ್ಬರೂ ಹೂಗಿಡಗಳ ನಡುವೆ ಮುಳುಗಿಹೋದರು. ಆಮೇಲೆ ಸಿದ್ದಮ್ಮನ ನಗು ಕೇಳಿಸಿತು.

"ಬುಡೇ, ಬುಟ್ಬುಡೇ ನನ್ನ! ಅಯ್ಯೋ, ಉಡದಂಗೆ ಇಡ್ಕಂಡವಳಲ್ಲ ಮಿಸ್ಸೋರೆ!"

ಎದ್ದಾಗ ಅವಳ ತಲೆತುಂಬ ಹೂವಿನ ಎಸಳು. ಕಣ್ಣೊರೆಸಿಕೊಂಡು ಮಗಳ ಮಂಡಿಯ ಗಾಯ ಮುಟ್ಟಿ ನೋಡಿದಳು. "ನಾಳಿಂದ ಬತ್ತಾಳೆ. ಗಾಯಕ್ ಅರಿಸಿನ ಅಚ್ಚಿ ಕಳುಸ್ತೀನಿ" ಅಂದಳು. ಅರ್ಧ ಮುಗಿದ ಸಾಲನ್ನು ನಾವು ಮೂವರೂ ಸೇರಿ ಬಿಡಿಸಿ ಮುಗಿಸಿದೆವು.

ಚಾಮರಾಜನಗರದಲ್ಲಿ ನಡೆದದ್ದು ಪ್ರದರ್ಶನ ಪಂದ್ಯ. ಮೈಸೂರಿನ ಒಂದು ಮಹಿಳಾ ತಂಡ ಬಂದಿತ್ತು. ಹೆಚ್ಚಿನವರು ಕಾಲೇಜು ಹುಡುಗಿಯರು. ಜೊತೆಗೆ ಪೊಲೀಸ್ ಇಲಾಖೆಯಲ್ಲಿದ್ದ ಒಬ್ಬ ಹೆಂಗಸು, ನನಗಿಂತ ಗಟ್ಟಿ ಮೈಕಟ್ಟಿನವಳು. ಓಡಿಬಂದರೆ ದಾರಿ ತಾನಾಗಿಯೇ ಬಿಡುತ್ತಿತ್ತು. ನಮ್ಮ ಹೆಡ್‌ಮೇಷ್ಟ್ರೂ ಬಂದಿದ್ದರು. ಕೊಡೆ ಹಿಡಿದು ಗೆರೆಯಾಚೆ ನಿಂತು, ಯಾರು ಬಿದ್ದರೂ "ಅಯ್ಯೋ ಶಿವನೇ" ಅನ್ನುತ್ತಿದ್ದರು. ಏಳೇಳು ಜನರ ಆಟ. ನಮ್ಮಲ್ಲಿ ಹೆಚ್ಚುವರಿ ಇದ್ದವಳೊಬ್ಬಳೇ. ಒಬ್ಬಳ ಬದಲಿಗೆ ಅವಳನ್ನು ಆಗಲೇ ಇಳಿಸಿ ಆಗಿತ್ತು. ಮಧ್ಯಂತರದ ಹೊತ್ತಿಗೆ ಇನ್ನೊಬ್ಬಳ ಪಾದ ಉಳುಕಿತು. ಆರು ಜನ ಉಳಿದರು.

ಮೈಸೂರಿನವರ ನಾಯಕಿ ನನ್ನ ಟ್ರ್ಯಾಕ್ ಪ್ಯಾಂಟು, ಬೂಟು ನೋಡಿ, "ನೀವೇ ಬನ್ನಿ ಮೇಡಂ, ನಮ್ಮದೇನೂ ಅಭ್ಯಂತರ ಇಲ್ಲ" ಅಂದಳು. ರೆಫರಿಯಾಗಿದ್ದ ಪೊನ್ನಪ್ಪ ನನ್ನ ಮುಖ ನೋಡಿದರು. ಹುಡುಗಿಯರು "ಬನ್ನಿ ಮಿಸ್, ಬನ್ನಿ ಮಿಸ್" ಎಂದು ಕೈ ಹಿಡಿದೆಳೆದರು. ನಾನು ತಾಳಿಸರ ತೆಗೆದು, ಆಟ ನೋಡಲು ಬಂದಿದ್ದ ನನ್ನ ಯಜಮಾನರ ಕೈಗೆ ಕೊಟ್ಟೆ. ಅವರು ಅದನ್ನು ಜೇಬಿಗೆ ಹಾಕಿಕೊಂಡು, "ಉಸಿರು ನೋಡ್ಕೋ" ಎಂದಷ್ಟೇ ಅಂದರು.

ಆಡಿದ್ದು ಆ ಒಂದು ಅರ್ಧ. ನನ್ನ ಇಡೀ ಜೀವನದಲ್ಲಿ ಆಟಗಾರ್ತಿಯಾಗಿ ನಾನು ಆಡಿದ ರಗ್ಬಿ ಅಷ್ಟೇ. ಬಿಸಿಲಿನ ವಾಸನೆ, ಹುಲ್ಲಿನ ವಾಸನೆ, ಯಾರದೋ ಬೆವರು, ಭುಜಕ್ಕೆ ಭುಜ ತಾಗಿದಾಗ ಹಲ್ಲು ಕಟಕ್ಕೆನ್ನುವುದು, ಎಲ್ಲ ಇವತ್ತಿಗೂ ಮೈಯಲ್ಲಿದೆ. ಎರಡು ಟ್ಯಾಕಲ್ ಮಾಡಿದೆ. ಎರಡನೆಯದಕ್ಕೆ ಪೊನ್ನಪ್ಪ ಸೀಟಿ ಬಾಯಲ್ಲಿದ್ದಂತೆಯೇ ನಕ್ಕದ್ದು ಕಾಣಿಸಿತು.

ಆಟ ಮುಗಿಯಲು ಸ್ವಲ್ಪ ಇರುವಾಗ ಅಂಕ ಸಮವಾಗಿತ್ತು. ಮೈಸೂರಿನವರು ನಮ್ಮ ಗೆರೆಯ ಕಡೆಗೆ ಗುಂಪಾಗಿ ನುಗ್ಗಿದರು. ಮಾದೇವಿ ಒಬ್ಬರ ಮಂಡಿ ಅಪ್ಪಿದಳು. ಯಾರನ್ನು ಎಂಬುದು ಧೂಳಿನಲ್ಲಿ ಕಾಣಲಿಲ್ಲ. ಇಬ್ಬರೂ ಬಿದ್ದರು, ಚೆಂಡು ಚಿಮ್ಮಿತು, ಎರಡು ಸಲ ತನಗೆ ತೋಚಿದ ಕಡೆ ನೆಗೆದು ನೇರವಾಗಿ ನನ್ನ ಎದೆಗೆ ಬಂತು. ತಲೆಯೆತ್ತಿದರೆ ಮುಂದೆ ಯಾರೂ ಇಲ್ಲ. ಬರೀ ಹುಲ್ಲು, ಅದರಾಚೆ ಬಿಳಿ ಗೆರೆ.

ಓಡಿದೆ. ಹಾಗೆ ನಾನು ಎಂದೂ ಓಡಿರಲಿಲ್ಲ. ಹೆಡ್‌ಮೇಷ್ಟ್ರು ಕೊಡೆ ಬಿಸಾಕಿ "ಓಡಮ್ಮಾ, ಓಡು!" ಎಂದು ಕಿರಿಚಿದ್ದು ಕೇಳಿಸಿತು. ಗೆರೆಗೆ ಇನ್ನು ಎರಡು ಬಸ್ಸು ನಿಲ್ಲುವಷ್ಟು ದೂರವಿದೆ ಎನ್ನುವಾಗ ಬಲಹಿಂದೆ ಹೆಜ್ಜೆ ಸದ್ದು ಬಂತು. ಧಡ್ ಧಡ್ ಎಂದು ಭಾರವಾದ ಹೆಜ್ಜೆ. ಪೊಲೀಸಿನವಳು ಎಂದುಕೊಂಡೆ. ಅದೇ ಹೊತ್ತಿಗೆ ಎಡಗಡೆ, ಒಂದು ಹೆಜ್ಜೆ ಹಿಂದಿನಿಂದ, ಸವಿತ ಕೂಗಿದಳು: "ಮಿಸ್, ಇಲ್ಲಿ!"

ಯೋಚಿಸಲು ಸಮಯವಿರಲಿಲ್ಲ. ಆದರೂ ಯೋಚಿಸಿದೆ. ನನಗೆ ಓಟ ಇಲ್ಲ, ಸಿಕ್ಕಿಬೀಳುತ್ತೇನೆ, ಚೆಂಡು ಹೋಗುತ್ತದೆ. ನನಗೆ ಅಷ್ಟಾಗಿ ಬರದ ಎಡಗಡೆಯ ಎಸೆತವನ್ನು ಆ ದಿನ ಸರಿಯಾಗಿ ಎಸೆದೆ. ಎಸೆದವಳೇ, ಹಿಂದಿನಿಂದ ಬೀಳುವ ಪೆಟ್ಟಿಗೆ ತಯಾರಾಗಿ, ಗದ್ದ ಎದೆಗೊತ್ತಿ ಉರುಳಿದೆ. ಪೆಟ್ಟು ಬೀಳಲಿಲ್ಲ. ಚೆಂಡು ಕೈಬಿಟ್ಟದ್ದನ್ನು ನೋಡಿ ನಿಂತಳೇನೋ ಎಂದುಕೊಂಡೆ. ತಲೆಯೆತ್ತುವಷ್ಟರಲ್ಲಿ ಸವಿತ ಗೆರೆಯಾಚೆ ಚೆಂಡಿನ ಮೇಲೆ ಮಲಗಿದ್ದಳು, ಹುಡುಗಿಯರೆಲ್ಲ ಅವಳ ಮೇಲೆ.

ಗೆದ್ದೆವು. ಪೊನ್ನಪ್ಪ ಹತ್ತಿರ ಬಂದು ಕೈ ಕುಲುಕಿ, "ತಲೆ ಇದೆ ಮೇಡಂ" ಅಂದರು. ಅದಕ್ಕಿಂತ ದೊಡ್ಡ ಮೆಚ್ಚುಗೆ ನನ್ನ ವೃತ್ತಿಯಲ್ಲಿ ಸಿಕ್ಕಿಲ್ಲ.

ಆಮೇಲೆ ಬಂದ ಪ್ರತಿ ಬ್ಯಾಚಿಗೂ ನಾನು ಆ ಪಾಸ್‌ನ ಕಥೆ ಹೇಳಿದೆ. ತನ್ನ ಅಳತೆ ತನಗೆ ಗೊತ್ತಿದ್ದರೆ ತಂಡ ಗೆಲ್ಲುತ್ತದೆ ಎಂದು. ನಿಜವೇ. ಆದರೆ ಕಥೆ ಹೇಳಿ ಮನೆಗೆ ಬರುವಾಗ ಬಸ್ಸಿನ ಕಿಟಕಿಯಲ್ಲಿ ಆ ಹುಲ್ಲು, ಆ ಬಿಳಿ ಗೆರೆ ಕಾಣುತ್ತಿತ್ತು. ಚೆಂಡನ್ನು ಎದೆಗವಚಿಕೊಂಡು ಗೆರೆ ದಾಟಿ, ನನ್ನ ಕೈಯಿಂದಲೇ ನೆಲ ಮುಟ್ಟಿಸುವುದು ಹೇಗಿರುತ್ತಿತ್ತೋ. ಅದನ್ನು ಮಾತ್ರ ಮಕ್ಕಳಿಗೆ ಹೇಳಲಿಲ್ಲ.

ಕಾಲ ಕಳೆದಂತೆ ಪದ್ಧತಿಗಳು ಬದಲಾದವು. ನನಗೆ ವರ್ಗವಾಯಿತು. ಈರುಳ್ಳಿ ಹೊಲದಲ್ಲಿ ಮನೆಗಳೆದ್ದವು, ಶಾಲೆಯ ಮೈದಾನದ ಅರ್ಧಕ್ಕೆ ಹೊಸ ಕೊಠಡಿಗಳು ಬಂದವು, ಚೆಂಡುಗಳು ಯಾವ ಕಪಾಟಿಗೆ ಸೇರಿದವೋ. ಈಗಿನವರು ಮೊಬೈಲಿನಲ್ಲಿ ವಿಡಿಯೋ ಹಿಡಿದು, ನಿಧಾನವಾಗಿ ಓಡಿಸಿ, ಮಕ್ಕಳಿಗೆ ಅವರ ಆಟವನ್ನೇ ತೋರಿಸುತ್ತಾರೆ. ಒಳ್ಳೆಯದೇ. ನಮ್ಮ ಆ ಪಂದ್ಯವನ್ನು ಯಾರೂ ಹಿಡಿದಿಟ್ಟಿರಲಿಲ್ಲ.

ಮಾದೇವಿ ಈಗ ಬಂಡೀಪುರದಲ್ಲಿ ಅರಣ್ಯ ರಕ್ಷಕಿ. ಕಳೆದ ಬೇಸಗೆಯಲ್ಲಿ ಖಾಕಿ ಬಟ್ಟೆಯಲ್ಲೇ ನಮ್ಮ ಮನೆಗೆ ಬಂದಳು. ಕಾಲು ಹಿಡಿದು ನಮಸ್ಕಾರ ಮಾಡಿದಳು. ಮಜ್ಜಿಗೆ ಕೊಟ್ಟೆ. ಸಿದ್ದಮ್ಮ ಚೆನ್ನಾಗಿದ್ದಾಳೆ, ಸವಿತ ನಂಜನಗೂಡಿನಲ್ಲಿ ಟೀಚರ್ ಆಗಿದ್ದಾಳೆ ಎಂದೆಲ್ಲ ಹೇಳಿದಳು. ಅಂದು ಹೊಸ ದೈಹಿಕ ಶಿಕ್ಷಕಿಯೊಬ್ಬಳು ಕೂಡ ಕೂತಿದ್ದಳು. ಅವಳಿಗೆ ನಾನು ಎಂದಿನಂತೆ ಆ ಪಾಸ್‌ನ ಕಥೆ ಹೇಳಿದೆ. ಪೊಲೀಸಿನವಳ ಹೆಜ್ಜೆ ಸದ್ದು ಹೇಗೆ ಹತ್ತಿರ ಬಂತು ಎಂದು ನೆಲ ತಟ್ಟಿ ತೋರಿಸಿದೆ. ಮಾದೇವಿ ಲೋಟ ತಿರುಗಿಸುತ್ತಾ ಕೇಳಿಸಿಕೊಂಡಳು.

ಹೊಸ ಹುಡುಗಿ ಎದ್ದು ಹೋದ ಮೇಲೆ ಮೆಲ್ಲಗೆ ಅಂದಳು: "ಮಿಸ್, ಒಂದ್ ಮಾತ್ ಏಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಆ ಪೊಲೀಸಕ್ಕ ನಿಮ್ ಇಂದೆ ಬರ್ನಿಲ್ಲ."

"ಮತ್ತೆ?"

"ಅವರ್ನೇ ಅಲ್ವಾ ನಾನ್ ಕೆಡವಿದ್ದು. ಅವರಿನ್ನೂ ನೆಲದ್ ಮೇಲೇ ಇದ್ರು. ಮಿಕ್ಕೋರು ಅವರ್ನ ಎಡವ್ಕಂಡು ನಿಂತಿದ್ರು. ನಿಮ್ ಇಂದೆ ಓಡ್ ಬತ್ತಿದ್ದೋಳು ನಾನು."

ಹೊರಗೆ ಯಾವುದೋ ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು.

"ಯಾಕಮ್ಮಿ ಇಷ್ಟು ವರ್ಷ ಹೇಳಲಿಲ್ಲ?"

"ಅವತ್ತು ಎಲ್ರೂ ಆ ಪಾಸ್‌ನೇ ಕೊಂಡಾಡ್ತಿದ್ರು. ನೀವೂ ಅಷ್ಟು ಖುಷಿಯಾಗಿದ್ರಿ. ಆಮೇಲೆ ನಿಮ್ ಮನ್ಸಲ್ ಏನಾರ ಇದ್ದದೇನೋ ಅಂತ ಸುಮ್ಕಾಗ್ಬುಟ್ಟೆ. ಇವತ್ತು ನೀವು ಆ ಹುಡುಗಿಗೆ, ನಂಗೆ ಓಟ ಇರಲಿಲ್ಲ ಅಂದ್ರಲ್ಲ, ಕೇಳಕ್ಕಾಗ್ನಿಲ್ಲ."

ತಡೆದು ತಡೆದು ಕೇಳಿದೆ: "ಹಾಗಾದರೆ ಪಾಸ್ ಕೊಡದೆ ಓಡಿದ್ದರೆ, ಗೆರೆ ಸೇರುತ್ತಿದ್ದೆ ಅಂತೀಯಾ?"

ಮಾದೇವಿ ಲೋಟ ಕೆಳಗಿಟ್ಟಳು. ಬಹಳ ವರ್ಷದ ಕೆಳಗೆ ಬೇಲಿ ನೋಡುತ್ತಾ ಮಾತಾಡಿದ್ದ ಹುಡುಗಿ ಈಗ ನೇರವಾಗಿ ನನ್ನ ಮುಖ ನೋಡಿದಳು.

"ಸೇರ್ತಿದ್ರಿ ಮಿಸ್. ನಿಮ್ ಜೊತೆಗ್ ಇರನ ಅಂತ ನಾನು ಜೀವ ಬುಟ್ಟು ಓಡ್ದೆ. ನಂಗೇ ನಿಮ್ನ ಇಡಿಯಕ್ಕಾಗ್ನಿಲ್ಲ."